ಎಸ್‌ಎಂಎ, ಇಎಂಎ: ಬಿಟ್‌ಕಾಯಿನ್ ಚಾರ್ಟ್‌ಗೆ ಯಾವುದು?

ಬಿಟ್‌ಕಾಯಿನ್ ಚಾರ್ಟ್‌ನಲ್ಲಿ ಎಸ್‌ಎಂಎ ಹಾಕಲಾ, ಇಎಂಎ ಹಾಕಲಾ ಎಂದು ಹಾಸನದ ತಮ್ಮನೊಬ್ಬ ಕೇಳಿದ್ದಾನೆ. ಎರಡೂ ಹಿಂದಿನ ದಿನಗಳ ಬೆಲೆಯ ಸರಾಸರಿ ತೋರಿಸುವ ಗೆರೆಗಳು.

ಮೊದಲು ವೇಗ ನೋಡೋಣ. 20 ದಿನದ ಎಸ್‌ಎಂಎ ಸರಳ ಸರಾಸರಿ. ಪ್ರತಿ ದಿನದ ಬೆಲೆಗೂ ಶೇ 5ರಷ್ಟೇ ತೂಕ. ಅದೇ 20 ದಿನದ ಇಎಂಎ ಇವತ್ತಿನ ಬೆಲೆಗೆ ಸುಮಾರು ಶೇ 9.5 ತೂಕ ಕೊಡುತ್ತದೆ. ಹಾಗಾಗಿ ಬೆಲೆ ತಿರುಗಿದರೆ ಇಎಂಎ ಗೆರೆಯೂ ಬೇಗ ತಿರುಗುತ್ತದೆ. ಆದರೆ ಬೆಲೆ ಸುಮ್ನೆ ಮೇಲೆ ಕೆಳಗೆ ಆಡುವಾಗ ಕೊಳ್ಳು, ಮಾರು ಎನ್ನುವ ಸುಳ್ಳು ಸಿಗ್ನಲ್ ಕೂಡ ಜಾಸ್ತಿ.

ನನಗೆ ಖರ್ಚೇ ಇನ್ನೂ ಮುಖ್ಯ ಅನಿಸುತ್ತದೆ. ಎರಡೂ ಗೆರೆಗಳು ಪುಕ್ಕಟೆ ಸಿಗುತ್ತವೆ, ನಿಜ. ಆದರೆ ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ. ಒಂದು ವಹಿವಾಟಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ಮಾರುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್, ಶೇ 1 ಬೇರೆ. ಸುಳ್ಳು ಸಿಗ್ನಲ್ ನಂಬಿ ಪದೇ ಪದೇ ಕೊಂಡು ಮಾರಿದರೆ ಪೆಟ್ಟು ಬೀಳುತ್ತದೆ, ಅಲ್ವಾ?

ಈ ಮಾರುಕಟ್ಟೆ ರಾತ್ರಿಯೂ ಮುಚ್ಚುವುದಿಲ್ಲ. ಹಗಲೆಲ್ಲ ಆಲೂಗಡ್ಡೆ ಹೊಲದಲ್ಲೋ ಸಕಲೇಶಪುರದ ಕಾಫಿ ತೋಟದಲ್ಲೋ ಇರುವವರಿಗೆ 50 ಮತ್ತು 200 ದಿನದ ಎಸ್‌ಎಂಎ ಸಾಕು. ದಿನಕ್ಕೊಮ್ಮೆ ನೋಡಿದರಾಯಿತು. ತಡವಾಗಿ ಹೇಳುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಕೂತು ನೋಡಲು ಬಿಡುವಿದ್ದು, ನಷ್ಟ ಎಲ್ಲಿಗೆ ನಿಲ್ಲಿಸಬೇಕೆಂದು ಮೊದಲೇ ಬರೆದಿಟ್ಟುಕೊಳ್ಳುವವರಿಗೆ 9 ಮತ್ತು 21 ದಿನದ ಇಎಂಎ ಹೊಂದುತ್ತದೆ. ಬೆಳೆ ಸಾಲದ ದುಡ್ಡಾದರೆ ಎರಡೂ ಬೇಡ ತಮ್ಮಾ.