ಹಂಪಿಯೋ, ದರಿಯಾ ದೌಲತೋ?

ಯುದ್ಧ ಕಲೆಯನ್ನು ಏನು ಮಾಡುತ್ತದೆ ಅಂತ ಮಗಳಿಗೆ ತೋರಿಸಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ.

ಒಂದೇ ದಿನ ರಜೆ ಇದ್ದರೆ ಶ್ರೀರಂಗಪಟ್ಟಣ. ಮೈಸೂರಿನಿಂದ ಹತ್ತಿರ, ಖರ್ಚೂ ಕಡಿಮೆ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಬ್ರಿಟಿಷ್ ದಂಡನಾಯಕ ಕರ್ನಲ್ ಬೈಲಿ ಬೆರಳು ಕಚ್ಚಿ ಕೂತಿದ್ದಾನೆ. ಆದರೆ ಇದು ಗೆದ್ದವರು ಬರೆಸಿದ ಚಿತ್ರ, ಅಲ್ವಾ? ಮುಂದೆ ಅದಕ್ಕೆ ಮತ್ತೆ ಬಣ್ಣ ಹಾಕಿಸಿದವರು ಬ್ರಿಟಿಷರು.

ಸೋತವರ ಕಡೆಯಿಂದ ನೋಡಬೇಕಾದರೆ ಹಂಪಿ. 1565ರ ತಾಳಿಕೋಟೆ ಯುದ್ಧದ ನಂತರ ಪಾಳುಬಿದ್ದ ವಿಜಯನಗರದ ರಾಜಧಾನಿ. ಬಿಸಿಲು ಜಾಸ್ತಿ, ನಡಿಗೆಯೂ ಜಾಸ್ತಿ. ಎರಡು ದಿನವಾದರೂ ಬೇಕು. ಮಗಳು ಸ್ವಲ್ಪ ದೊಡ್ಡವಳಾಗಿದ್ದರೆ ಇಲ್ಲಿಗೇ ಕರೆತನ್ನಿ. ಅಲ್ಲಿನ ದೊಡ್ಡ ಕಲ್ಲಿನ ವಿಗ್ರಹದಲ್ಲಿ ನರಸಿಂಹನ ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ. ಅವನ ಬೆನ್ನ ಮೇಲೆ ಅವಳ ಕೈ ಮಾತ್ರ ಉಳಿದಿದೆ. ಹಿಂದೆ ಹೋಗಲು ಬಿಟ್ಟರೆ ಅದನ್ನು ತೋರಿಸಿ.