ಸಣ್ಣ ಟ್ರಾವೆಲ್ ವೆಬ್‌ಸೈಟ್‌ಗೆ ಗೂಗಲ್‌ನಿಂದ ಕ್ಲಿಕ್: ಶೀರ್ಷಿಕೆ, ಲೇಖನ, ಮ್ಯಾಪ್, ಜಾಹೀರಾತು – ಯಾವುದು ಮೊದಲು?

ನಾವು ಟ್ರೆಕ್ ಮತ್ತು ವಾರಾಂತ್ಯದ ಪ್ರವಾಸ ಮಾಡಿಸುವ ಸಣ್ಣ ತಂಡ. ಜನ ಕಡಿಮೆ, ಪ್ರಚಾರಕ್ಕೆ ಇಡುವ ದುಡ್ಡೂ ಕಡಿಮೆ. ಹಾಗಾಗಿ ಗೂಗಲ್‌ನಿಂದ ಜಾಸ್ತಿ ಜನ ಬರಬೇಕು ಅಂದರೆ ಯಾವ ಕೆಲಸಕ್ಕೆ ಮೊದಲು ಕೈ ಹಾಕಬೇಕು ಅನ್ನುವುದು ನಮಗೆ ದೊಡ್ಡ ಪ್ರಶ್ನೆಯೇ. ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ: ಇರುವ ಪುಟಗಳ ಶೀರ್ಷಿಕೆ (ಗೂಗಲ್ ಫಲಿತಾಂಶದಲ್ಲಿ ಜನ ಒತ್ತುವ ಸಾಲು) ತಿದ್ದುವುದು, ಹೊಸ ಲೇಖನ ಬರೆಯುವುದು, ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಸಂಸ್ಥೆಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್ ಸರಿ ಮಾಡುವುದು, ದುಡ್ಡು ಕೊಟ್ಟು ಜಾಹೀರಾತು ಹಾಕುವುದು. ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಸೈಟ್ ಸ್ವಲ್ಪ ಹಳೆಯದಾಗಿದ್ದರೆ ಶೀರ್ಷಿಕೆಯಿಂದ ಶುರು ಮಾಡಿ. ಹುಡುಕಾಟದಲ್ಲಿ ಕಾಣಿಸಿದರೂ ಯಾರೂ ಒತ್ತದೆ ಮುಂದೆ ಹೋಗುವ ಪುಟಗಳು ನಿಮ್ಮ ಹತ್ತಿರವೂ ಇದ್ದೇ ಇರುತ್ತವೆ.

ಮೊದಲು ಅಳತೆ

ಎಲ್ಲಕ್ಕೂ ಅಳತೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆ ಸುಮ್ನೆ ಮಾತಾಗುತ್ತದೆ. ನಾನು ನಂಬಿಕೊಂಡಿರುವುದು ಗೂಗಲ್‌ನ ಸರ್ಚ್ ಕನ್ಸೋಲ್. ಉಚಿತ. ಜನ ಏನು ಟೈಪ್ ಮಾಡಿದಾಗ ನಮ್ಮ ಪುಟ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು, ಎಲ್ಲ ಅಲ್ಲೇ ಸಿಗುತ್ತದೆ.

ಪ್ರವಾಸದ ವ್ಯಾಪಾರದಲ್ಲಿ ಒಂದು ಎಚ್ಚರ ಬೇಕು. ರಜೆ ಹತ್ತಿರ ಬಂತು ಅಂದರೆ ನೀವು ಏನೂ ಮಾಡದಿದ್ದರೂ ಕ್ಲಿಕ್ ಏರುತ್ತದೆ. ರಜೆ ಮುಗಿದರೆ ಎಷ್ಟೇ ಒಳ್ಳೆಯ ಕೆಲಸ ಮಾಡಿದರೂ ಇಳಿಯುತ್ತದೆ. ಅದಕ್ಕೇ ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ತೋರಿಸುತ್ತದೆ. ಹೋದ ಸೀಸನ್ ಸಿಗುತ್ತದೆ, ಅದರ ಹಿಂದಿನದು ಸಿಗುವುದಿಲ್ಲ. ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಶೀಟ್‌ನಲ್ಲಿ ಇಟ್ಟುಕೊಂಡರೆ ಮುಂದೆ ಪರದಾಡುವುದು ತಪ್ಪುತ್ತದೆ. ಸಂಸ್ಥೆಯ ಹೆಸರನ್ನೇ ಟೈಪ್ ಮಾಡಿ ಬಂದವರನ್ನೂ ಲೆಕ್ಕದಿಂದ ಬೇರೆ ಇಡಿ. ಅವರು ನಿಮ್ಮನ್ನು ಮೊದಲೇ ಬಲ್ಲವರು, ಅವರು ಹೇಗಿದ್ದರೂ ಬರುತ್ತಾರೆ.

ಶೀರ್ಷಿಕೆ ತಿದ್ದುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಖರ್ಚಿಲ್ಲ. ಹೊಸ ಪುಟ ಬೇಕಿಲ್ಲ. ಫಲವೂ ಬೇಗ ಕಾಣುತ್ತದೆ.

ಸರ್ಚ್ ಕನ್ಸೋಲ್‌ನಲ್ಲಿ ಪುಟಗಳ ಪಟ್ಟಿ ತೆಗೆಯಿರಿ. ಹೆಚ್ಚು ಸಲ ಕಂಡು, ಸರಾಸರಿ ಸ್ಥಾನ 4ರಿಂದ 15ರ ಒಳಗಿದ್ದು, ಕ್ಲಿಕ್ ಮಾತ್ರ ಕಡಿಮೆ ಇರುವ ಪುಟಗಳನ್ನು ಆರಿಸಿ. ಗೂಗಲ್ ಫಲಿತಾಂಶದ ಮೂರನೇ ಪುಟದಾಚೆ ಬಿದ್ದಿರುವುದನ್ನು ಸದ್ಯಕ್ಕೆ ಮುಟ್ಟಬೇಡಿ. ಕಾಣದೇ ಇರುವುದಕ್ಕೆ ಎಷ್ಟು ಚಂದದ ಶೀರ್ಷಿಕೆ ಕೊಟ್ಟರೂ ಒತ್ತುವವರು ಯಾರು?

ನಮ್ಮ ಒಂದು ಟ್ರೆಕ್ ಪುಟದ ಶೀರ್ಷಿಕೆ ಹೀಗಿತ್ತು: ಮೊದಲು ಸಂಸ್ಥೆಯ ಹೆಸರು, ಆಮೇಲೆ ‘ಉತ್ತಮ ಟ್ರೆಕ್ಕಿಂಗ್ ಪ್ಯಾಕೇಜ್’. ಅದೇ ಹುಡುಕಾಟವನ್ನು ಫೋನ್‌ನಲ್ಲಿ ಮಾಡಿ ನೋಡಿದರೆ ಮೇಲಿಂದ ಕೆಳಗಿನವರೆಗೆ ಎಲ್ಲರದ್ದೂ ‘ಉತ್ತಮ’, ಎಲ್ಲರದ್ದೂ ‘ಪ್ಯಾಕೇಜ್’. ನಮ್ಮದನ್ನೇ ಒತ್ತಲು ಕಾರಣವೇ ಇಲ್ಲ. ಆ ಪುಟಕ್ಕೆ ಬರುತ್ತಿದ್ದ ಹುಡುಕಾಟದ ಸಾಲುಗಳನ್ನು ಓದಿದಾಗ ಮಾತ್ರ ಜನರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಯಿತು. ಮೊದಲ ಸಲ ಹೋಗುವವರು ಏರಬಹುದಾ? ಕಾರು ಎಲ್ಲಿಯವರೆಗೆ ಹೋಗುತ್ತದೆ? ರಾತ್ರಿ ಎಲ್ಲಿ ಉಳಿಯಬೇಕು? ಶೀರ್ಷಿಕೆಯನ್ನು ‘2 ದಿನದ ಬೆಟ್ಟದ ಟ್ರೆಕ್: ಹೊಸಬರು ಏರಬಹುದಾ, ದರದಲ್ಲಿ ಏನೇನು ಸೇರಿದೆ’ ಎಂದು ಬದಲಿಸಿದೆ. ಇದರ ಮುಂದೆ ಬೆಟ್ಟದ ಹೆಸರು, ಕೊನೆಗೆ ನಮ್ಮ ಹೆಸರು. ಸ್ಥಾನ ಹೆಚ್ಚೂಕಡಿಮೆ ಅಲ್ಲೇ ಇತ್ತು, ಒತ್ತುವವರು ಮಾತ್ರ ಜಾಸ್ತಿಯಾದರು. ಬಂದವರು ಫೋನ್‌ನಲ್ಲಿ ಕೇಳುವ ಪ್ರಶ್ನೆಗಳೂ ಬದಲಾದವು. ‘ನಿಮ್ಮಲ್ಲಿ ಏನೇನಿದೆ’ ಅನ್ನುವವರ ಜಾಗದಲ್ಲಿ ‘ಈ ಶನಿವಾರ ಜಾಗ ಇದೆಯಾ’ ಅನ್ನುವವರು ಬಂದರು. ನನಗೆ ಕ್ಲಿಕ್‌ಗಿಂತ ಇದೇ ಮುಖ್ಯ.

ಕೆಲವು ತಾಂತ್ರಿಕ ವಿಷಯ ತಿಳಿದಿರಲಿ. ನೀವು ಬರೆದ ಶೀರ್ಷಿಕೆಯನ್ನೇ ಗೂಗಲ್ ತೋರಿಸುತ್ತದೆ ಎಂದೇನಿಲ್ಲ. 2021ರ ಆಗಸ್ಟ್‌ನಲ್ಲಿ ಗೂಗಲ್ ಈ ವ್ಯವಸ್ಥೆಯನ್ನು ಬದಲಿಸಿತು. ಅಂದಿನಿಂದ ಪುಟದೊಳಗಿನ ದೊಡ್ಡ ತಲೆಬರಹವನ್ನೂ ಅದು ಎತ್ತಿಕೊಳ್ಳುವುದು ಹೆಚ್ಚಾಯಿತು. ಆದ್ದರಿಂದ ಶೀರ್ಷಿಕೆ ಮತ್ತು ಒಳಗಿನ ತಲೆಬರಹ ಎರಡೂ ಒಂದೇ ಮಾತು ಹೇಳಬೇಕು. ಮೆಟಾ ಡಿಸ್ಕ್ರಿಪ್ಷನ್‌ನಿಂದ (ಹುಡುಕಾಟಕ್ಕಾಗಿ ಪುಟದ ಕೋಡ್‌ನಲ್ಲಿ ಬರೆಯುವ ಚಿಕ್ಕ ವಿವರಣೆ) ಸ್ಥಾನ ಏರುವುದಿಲ್ಲ, ಆದರೆ ಶೀರ್ಷಿಕೆಯ ಕೆಳಗಿನ ಎರಡು ಸಾಲು ಎಷ್ಟೋ ಸಲ ಅದರಿಂದಲೇ ಬರುತ್ತದೆ. ಚೆನ್ನಾಗಿ ಬರೆಯಿರಿ. ಮೆಟಾ ಕೀವರ್ಡ್ (ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಇಡುವ ಪದಗಳ ಪಟ್ಟಿ) ತುಂಬಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅದನ್ನು ಹುಡುಕಾಟದ ಸ್ಥಾನಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಇನ್ನೊಂದು ಮಾತು. ಒಂದು ಸಲಕ್ಕೆ ಕೆಲವೇ ಪುಟಗಳನ್ನು ತಿದ್ದಿ, ಉಳಿದವನ್ನು ಹಾಗೇ ಬಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏರಿದ್ದು ಶೀರ್ಷಿಕೆಯಿಂದಲೋ ಸೀಸನ್‌ನಿಂದಲೋ ತಿಳಿಯುವುದಿಲ್ಲ, ಅಲ್ವಾ?

ಹೊಸ ಲೇಖನ: ತುಂಬಾ ಬರೆಯುವುದಾ, ಆಳವಾಗಿ ಬರೆಯುವುದಾ

ಇಲ್ಲಿ ಎರಡು ಗುಂಪುಗಳ ನಡುವೆಯೇ ಪೈಪೋಟಿ. ಒಂದು, ‘ನೋಡಲೇಬೇಕಾದ 10 ಜಾಗ’ ತರಹದ ಚಿಕ್ಕ ಲೇಖನಗಳು. ಇನ್ನೊಂದು, ಒಂದೇ ದಾರಿ ಅಥವಾ ಒಂದೇ ಜಾಗದ ಬಗ್ಗೆ ಎಲ್ಲವನ್ನೂ ಹೇಳುವ ಕೆಲವೇ ಪುಟಗಳು.

ಮೊದಲನೆಯದರಲ್ಲಿ ಸಣ್ಣವರಿಗೆ ಜಾಗವೇ ಇಲ್ಲ. ಆ ಹುಡುಕಾಟಗಳಲ್ಲಿ ದೊಡ್ಡ ಬುಕಿಂಗ್ ಸೈಟ್‌ಗಳು ಗಟ್ಟಿಯಾಗಿ ಕೂತಿವೆ. ಅದರ ಮೇಲೆ 2024ರಿಂದ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲಿ ಎಐ ಓವರ್‌ವ್ಯೂ, ಅಂದರೆ ಎಐ ಬರೆದ ಸಾರಾಂಶ, ತೋರಿಸುತ್ತಿದೆ. ಸಾಮಾನ್ಯ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ, ಓದಿದವರು ಯಾವ ಸೈಟ್‌ಗೂ ಹೋಗದೆ ಮುಚ್ಚುತ್ತಾರೆ. ಎರಡು ಊರುಗಳ ನಡುವಿನ ದೂರ ಎಷ್ಟು ಅನ್ನುವ ಪ್ರಶ್ನೆಗೆ ಲೇಖನ ಬರೆದು ಕ್ಲಿಕ್ ಕಾಯುವ ಕಾಲ ಹೋಯಿತು.

ಊರಿನ ಹೆಸರು ಮಾತ್ರ ಬದಲಿಸಿ ಅದೇ ಪುಟವನ್ನು ಹತ್ತಾರು ಸಲ ಅಂಟಿಸುವವರೂ ಇದ್ದಾರೆ. ದಯವಿಟ್ಟು ಬೇಡ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮ ಬಿಗಿ ಮಾಡಿತು. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ಹುಡುಕಾಟಕ್ಕೋಸ್ಕರ ರಾಶಿ ಹಾಕಿದರೆ, ಬರೆದಿದ್ದು ಮನುಷ್ಯರಾಗಲಿ ಯಂತ್ರವಾಗಲಿ, ತಪ್ಪು ತಪ್ಪೇ.

ಎರಡನೆಯ ಗುಂಪು ನಿಧಾನ. ತಿಂಗಳುಗಟ್ಟಲೆ ಕಾಯಬೇಕು. ಆದರೆ ಇಲ್ಲಿ ನಮ್ಮ ಹತ್ತಿರ ಇರುವುದು ದೊಡ್ಡ ಸೈಟ್‌ಗಳ ಹತ್ತಿರ ಇಲ್ಲ: ನಾವು ಅಲ್ಲಿಗೆ ಹೋಗಿದ್ದೇವೆ. ಮೊಣಕಾಲು ನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಮಳೆ ಬಂದರೆ ಯಾವ ತಿರುವಿನಲ್ಲಿ ಕೆಸರಾಗುತ್ತದೆ? ಪಾರ್ಕಿಂಗ್‌ನಿಂದ ಎಷ್ಟು ಮೆಟ್ಟಿಲು? ಹೆಂಗಸರಿಗೆ ಸರಿಯಾದ ಶೌಚಾಲಯ ಎಲ್ಲಿದೆ? ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆ? ಇವಕ್ಕೆ ನೇರ ಉತ್ತರ, ನಾವೇ ತೆಗೆದ ಫೋಟೋ. ಇಷ್ಟು ಇರುವ ಪುಟಗಳೇ ನಮಗೆ ಸ್ಥಿರವಾಗಿ ಜನರನ್ನು ತಂದವು. ಗೂಗಲ್ 2022ರ ಡಿಸೆಂಬರ್‌ನಲ್ಲಿ ಹುಡುಕಾಟದ ಫಲಿತಾಂಶಗಳ ಗುಣಮಟ್ಟ ತೂಗಿ ನೋಡುವವರಿಗೆ ಕೊಡುವ ಮಾರ್ಗಸೂಚಿಗೆ ‘ಅನುಭವ’ವನ್ನೂ ಸೇರಿಸಿತು. ನನಗೆ ಆಗಲೇ ಸಮಾಧಾನವಾಗಿತ್ತು. ಜಾಗ ನೋಡಿದವರ ಮಾತಿಗೆ ಬೆಲೆ ಬರಲೇಬೇಕಿತ್ತು.

ಸೀಸನ್ ಪುಟಗಳಿಗೆ ಪ್ರತಿ ವರ್ಷ ಹೊಸ ವೆಬ್ ವಿಳಾಸ (ಯುಆರ್‌ಎಲ್) ಮಾಡಬೇಡಿ. ವಿಳಾಸದಲ್ಲಿ ವರ್ಷ ಹಾಕದೆ ಒಂದೇ ಪುಟ ಇಟ್ಟುಕೊಂಡು, ರಜೆಗೆ ಎರಡು ಮೂರು ತಿಂಗಳು ಮೊದಲೇ ದರ, ದಾರಿ, ದಿನಾಂಕ ನವೀಕರಿಸಿ. ಒಳಗಿನ ಮಾಹಿತಿ ಹಾಗೇ ಬಿಟ್ಟು ದಿನಾಂಕ ಮಾತ್ರ ಬದಲಿಸುವುದರಿಂದ ಓದುಗರಿಗೆ ಏನೂ ಸಿಗುವುದಿಲ್ಲ.

ಮ್ಯಾಪ್ ಪ್ರೊಫೈಲ್

2021ರವರೆಗೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, ಈಗ ಬಿಸಿನೆಸ್ ಪ್ರೊಫೈಲ್. ಹತ್ತಿರದಲ್ಲೇ ಟ್ರಾವೆಲ್ ಏಜೆನ್ಸಿ ಹುಡುಕುವವರಿಗೆ ಮ್ಯಾಪ್‌ನ ಜೊತೆ ಕಾಣುವ ಸಾಲುಗಳು ಇದರಿಂದಲೇ ಬರುತ್ತವೆ. ಸ್ಥಾನ ನಿರ್ಧಾರವಾಗುವುದು ಮೂರರಿಂದ ಎಂದು ಗೂಗಲ್ ಹೇಳುತ್ತದೆ: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೀರಿ, ಎಷ್ಟು ಹತ್ತಿರ ಇದ್ದೀರಿ, ಎಷ್ಟು ಹೆಸರುವಾಸಿ. ದೂರ ನಮ್ಮ ಕೈಯಲ್ಲಿಲ್ಲ. ವರ್ಗ ಸರಿಯಾಗಿ ಆರಿಸುವುದು, ಸಮಯ ಮತ್ತು ಫೋನ್ ಸರಿ ಇಡುವುದು, ಹೊಸ ಫೋಟೋ ಹಾಕುವುದು, ಪ್ರತಿ ವಿಮರ್ಶೆಗೂ ಉತ್ತರಿಸುವುದು ನಮ್ಮ ಕೈಯಲ್ಲಿದೆ.

ಪ್ರವಾಸ ಮುಗಿದ ಮಾರನೇ ದಿನ, ಫೋಟೋ ಕಳಿಸುವಾಗಲೇ ವಿಮರ್ಶೆ ಬರೆಯಲು ಕೇಳಿಕೊಂಡರೆ ಜನ ಖುಷಿಯಿಂದ ಬರೆಯುತ್ತಾರೆ. ಅದಕ್ಕೆ ರಿಯಾಯಿತಿ, ಉಡುಗೊರೆ ಕೊಡುವುದು ನಿಯಮಕ್ಕೆ ವಿರುದ್ಧ. ಸಂಸ್ಥೆಯ ಹೆಸರಿನ ಜೊತೆ ‘ಅಗ್ಗದ ಟೂರ್’ ಎಂದೆಲ್ಲ ಸೇರಿಸುವುದೂ ಹಾಗೆಯೇ.

ಶೀರ್ಷಿಕೆ ಕೆಲಸದ ಜೊತೆ ಹೋಲಿಸಿದರೆ ಇಲ್ಲಿಂದ ವೆಬ್‌ಸೈಟ್‌ಗೆ ಬರುವ ಕ್ಲಿಕ್ ಕಡಿಮೆ, ನೇರ ಫೋನ್ ಕರೆ ಜಾಸ್ತಿ. ವ್ಯಾಪಾರಕ್ಕೆ ಅದೂ ಒಳ್ಳೆಯದೇ. ಆದರೆ ಮಿತಿಯೂ ಇದೆ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ದೂರದ ಊರಿನಲ್ಲಿ ಕೂತು ಹುಡುಕುವವರು. ಅವರು ಏಜೆನ್ಸಿ ಹುಡುಕುವುದಿಲ್ಲ, ಜಾಗ ಹುಡುಕುತ್ತಾರೆ. ಅವರನ್ನು ಹಿಡಿಯುವುದು ಪುಟಗಳೇ ಹೊರತು ಮ್ಯಾಪ್ ಅಲ್ಲ. ಪ್ರೊಫೈಲ್‌ನಲ್ಲಿ ಹಾಕುವ ವೆಬ್‌ಸೈಟ್ ಲಿಂಕ್‌ಗೆ ಯುಟಿಎಂ ಗುರುತು (ಜನ ಎಲ್ಲಿಂದ ಬಂದರು ಎಂದು ತಿಳಿಸಲು ಲಿಂಕ್‌ನ ಕೊನೆಗೆ ಸೇರಿಸುವ ಪದಗಳು) ಸೇರಿಸಿದರೆ ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಅಲ್ಲಿಂದ ಬಂದವರ ಲೆಕ್ಕ ಬೇರೆಯಾಗಿ ಸಿಗುತ್ತದೆ.

ಜಾಹೀರಾತು

ಇಂದು ದುಡ್ಡು ಹಾಕಿದರೆ ಬೇಗನೇ ಕ್ಲಿಕ್ ಬರುತ್ತದೆ. ನಿಲ್ಲಿಸಿದ ಕೂಡಲೇ ಕ್ಲಿಕ್ಕೂ ನಿಲ್ಲುತ್ತದೆ. ಜಾಹೀರಾತು ಕೊಟ್ಟರೆ ಉಚಿತ ಫಲಿತಾಂಶದಲ್ಲೂ ಮೇಲೆ ಬರುತ್ತೇವೆ ಎಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ, ಎರಡೂ ಬೇರೆ ಬೇರೆ.

ಬ್ರಾಡ್ ಮ್ಯಾಚ್ (ನಾವು ಆರಿಸಿದ ಪದಕ್ಕೆ ದೂರದಿಂದ ಸಂಬಂಧಿಸಿದ ಹುಡುಕಾಟಕ್ಕೂ ಜಾಹೀರಾತು ತೋರಿಸುವ ಆಯ್ಕೆ) ಇಟ್ಟರೆ ನಮ್ಮಂಥವರ ದುಡ್ಡು ಎಲ್ಲೆಲ್ಲೋ ಹರಿದುಹೋಗುತ್ತದೆ. ಆ ಪದಕ್ಕೆ ಇನ್ನೂ ಹತ್ತಿರದ ಹುಡುಕಾಟಗಳಿಗೆ ಮಾತ್ರ ತೋರಿಸುವ ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್ ಇಡಿ. ‘ಉಚಿತ’, ‘ಕೆಲಸ’, ‘ವಾಲ್‌ಪೇಪರ್’ ತರಹದ ಪದಗಳನ್ನು ನೆಗೆಟಿವ್ ಪಟ್ಟಿಗೆ (ಯಾವ ಪದ ಹುಡುಕಿದವರಿಗೆ ಜಾಹೀರಾತು ಕಾಣಬಾರದು ಎನ್ನುವ ಪಟ್ಟಿ) ಸೇರಿಸಿ. ಮುಖಪುಟಕ್ಕೆ ಕಳಿಸಬೇಡಿ, ಆ ಪ್ರವಾಸದ ಪುಟಕ್ಕೇ ಕಳಿಸಿ. ರಜೆಗೆ ಮೊದಲು ಸೀಟು ಖಾಲಿ ಉಳಿದಾಗ ಜಾಹೀರಾತು ಚೆನ್ನಾಗಿ ಕೆಲಸ ಮಾಡಿತು. ವರ್ಷಪೂರ್ತಿ ಓಡಿಸಲು ನಾನು ಹೇಳುವುದಿಲ್ಲ.

ಆದರೂ ಇದರಲ್ಲಿ ಒಂದು ಲಾಭ ಉಳಿದ ಮೂರರಲ್ಲಿ ಇಲ್ಲ. ಯಾವ ಮಾತು ಟೈಪ್ ಮಾಡಿದವರು ಬಂದರು, ಅದರಲ್ಲಿ ಯಾವ ಮಾತು ಬುಕಿಂಗ್ ತಂದಿತು ಎಂಬುದು ಜಾಹೀರಾತು ಖಾತೆಯ ಸರ್ಚ್ ಟರ್ಮ್ಸ್ ವರದಿಯಲ್ಲಿ ಸಾಕಷ್ಟು ಕಾಣುತ್ತದೆ. ಜಾಹೀರಾತಿನಿಂದ ಬಂದ ಬುಕಿಂಗ್ ಎಣಿಸುವ ಕನ್ವರ್ಷನ್ ಟ್ರ್ಯಾಕಿಂಗ್ ಮಾತ್ರ ಮೊದಲೇ ಹಾಕಿರಬೇಕು. ಬುಕಿಂಗ್ ತಂದ ಆ ಮಾತುಗಳನ್ನೇ ತಂದು ಶೀರ್ಷಿಕೆಗಳಲ್ಲಿ ಕೂರಿಸಿದ್ದೇನೆ. ಜಾಹೀರಾತು ನಿಂತ ಮೇಲೂ ಆ ಕೊಟ್ಟ ದುಡ್ಡು ಕೆಲಸ ಮಾಡುತ್ತಿದೆ.

ವೇಗ ಮತ್ತು ಬಿಂಗ್

ಪುಟ ತೆರೆಯುವ ವೇಗದಿಂದ ಸ್ಥಾನ ಜಿಗಿಯುತ್ತದೆ ಎಂದು ನಿರೀಕ್ಷಿಸಬೇಡಿ, ಆದರೆ ಅದು ಒತ್ತಿದವರು ವಾಪಸ್ ಹೋಗದ ಹಾಗೆ ಮಾಡುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡ್‌ನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಗುರಿ. ಟ್ರಾವೆಲ್ ಸೈಟ್‌ಗಳಲ್ಲಿ ಅಡ್ಡಿ ಹೆಚ್ಚಾಗಿ ಮೇಲಿನ ದೊಡ್ಡ ಫೋಟೋ. ಅದನ್ನು ವೆಬ್‌ಪಿ (ಫೈಲ್ ಗಾತ್ರ ಕಡಿಮೆ ಮಾಡುವ ಫೋಟೋ ಮಾದರಿ) ಮಾಡಿ, ಅಳತೆ ಇಳಿಸಿ, ಆ ಒಂದು ಫೋಟೋಗೆ ಮಾತ್ರ ಲೇಜಿ ಲೋಡಿಂಗ್ (ಓದುಗರು ಅಲ್ಲಿಗೆ ಬಂದ ಮೇಲೆ ಫೋಟೋ ತೆರೆಯುವ ವ್ಯವಸ್ಥೆ) ಹಾಕಬೇಡಿ. ಮೈಕ್ರೋಸಾಫ್ಟ್‌ನ ಹುಡುಕಾಟ ಸೈಟ್ ಬಿಂಗ್‌ನಿಂದ ಬರುವವರು ಕಡಿಮೆ, ಆದರೆ ಸರ್ಚ್ ಕನ್ಸೋಲ್‌ನಂಥದೇ ಆದ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಸೈಟ್ ಅನ್ನು ಸರ್ಚ್ ಕನ್ಸೋಲ್‌ನಿಂದಲೇ ಇಂಪೋರ್ಟ್ ಮಾಡಬಹುದು. ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಮಾಡಿಬಿಡಿ.

ಸೈಟ್ ಹೊಸದಾಗಿದ್ದರೆ

ಆಗ ನನ್ನ ಕ್ರಮ ತಲೆಕೆಳಗಾಗುತ್ತದೆ. ಹುಡುಕಾಟದಲ್ಲಿ ಕಾಣಿಸುವುದೇ ಇಲ್ಲದ ಸೈಟ್‌ಗೆ ತಿದ್ದಲು ಏನೂ ಇರುವುದಿಲ್ಲ. ಮೊದಲು ಪ್ರೊಫೈಲ್ ಮಾಡಿ, ನಿಮ್ಮ ಅತಿ ಒಳ್ಳೆಯ ಒಂದೆರಡು ಪ್ರವಾಸಗಳಿಗೆ ಆಳವಾದ ಪುಟ ಬರೆಯಿರಿ, ಆ ಪುಟಗಳಿಗೆ ಮಾತ್ರ ಸಣ್ಣ ಮೊತ್ತದ ಜಾಹೀರಾತು ಓಡಿಸಿ. ಸರ್ಚ್ ಕನ್ಸೋಲ್ ಅನ್ನು ಮೊದಲ ದಿನವೇ ಜೋಡಿಸಿಡಿ, ಜೋಡಿಸುವುದಕ್ಕೆ ಹಿಂದಿನ ಲೆಕ್ಕವನ್ನು ಅದು ಕೊಡುವುದಿಲ್ಲ. ಹುಡುಕಾಟದ ಸಾಲುಗಳು ಅಲ್ಲಿ ಸೇರತೊಡಗಿದ ಮೇಲೆ ಶೀರ್ಷಿಕೆಗಳ ಕೆಲಸಕ್ಕೆ ಕೂರಬಹುದು.