ಟಿವಿ ಪ್ಯಾನೆಲ್‌ನ 30 ಪಿನ್ ಎಲ್‌ವಿಡಿಎಸ್ ಕೇಬಲ್: ಕಾರವಾರದ ಉಪ್ಪುಗಾಳಿಗೆ ತಾಳೀತೇ?

ಎಲ್‌ವಿಡಿಎಸ್ ಎಂದರೆ ಕಡಿಮೆ ವೋಲ್ಟೇಜಿನ ಜೋಡಿ ತಂತಿಗಳಲ್ಲಿ ಚಿತ್ರದ ಡೇಟಾವನ್ನು ಬೋರ್ಡಿನಿಂದ ಪ್ಯಾನೆಲ್‌ಗೆ ಒಯ್ಯುವ ವಿಧಾನ. ಬ್ರ್ಯಾಂಡಿಲ್ಲದ ಈ ಕೇಬಲ್ ಕೆಲಸಕ್ಕೆ ಅಡ್ಡಿಯಿಲ್ಲ, ಜೋಡಿ ತಂತಿಗಳನ್ನು ಹುರಿ ಹೊಸೆದಿದ್ದರೆ ಮಾತ್ರ. ಬೋರ್ಡಿನ ಡ್ರೈವರ್ (ಸಿಗ್ನಲ್ ಕಳಿಸುವ ಭಾಗ) ಸುಮಾರು 3.5 ಮಿಲಿಆಂಪ್ ಕರೆಂಟನ್ನು ದಿಕ್ಕು ಬದಲಿಸುತ್ತ ಹರಿಸುತ್ತದೆ. ಪ್ಯಾನೆಲ್ ತುದಿಯ 100 ಓಮ್ ರೆಸಿಸ್ಟರ್ ಮೇಲೆ ಅದು 350 ಮಿಲಿವೋಲ್ಟ್ ಆಗುತ್ತದೆ. ಪ್ಯಾನೆಲ್‌ನಲ್ಲಿ ಅದನ್ನು ಓದುವ ರಿಸೀವರ್ ನೋಡುವುದು ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ. ಎರಡಕ್ಕೂ ಸಮನಾಗಿ ಸೇರಿದ ಗದ್ದಲ ವಜಾ ಆಗುತ್ತದೆ. ಬಿಡಿಬಿಡಿ ತಂತಿಯಾದರೆ ಈ ಲಾಭ ಅಷ್ಟಕ್ಕಷ್ಟೆ.

ಕರಾವಳಿಯಲ್ಲಿ ಮೊದಲು ಕೈಕೊಡುವುದು ಕನೆಕ್ಟರ್. ಪಿನ್ ಕಿಲುಬು ಹಿಡಿದರೆ ಬಣ್ಣ ಕೆಡುತ್ತದೆ, ಚುಕ್ಕಿಗಳು ಮಿನುಗುತ್ತವೆ. ಪವರ್ ತೆಗೆದೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕೇಬಲನ್ನು ಪ್ಯಾನೆಲ್‌ಗೆ ಸಿಕ್ಕಿಸಿ ಮಲ್ಟಿಮೀಟರ್ ಹಿಡಿಯಿರಿ: ಪ್ರತಿ ಜೋಡಿಗೆ ಸುಮಾರು 100 ಓಮ್ ಬರಬೇಕು. ಚಿನ್ನದ ಲೇಪದ ಪಿನ್ ಇರುವುದನ್ನೇ ಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ. ಪಿನ್ ಕ್ರಮ ಹೊಂದದೆ ಚುಚ್ಚಿದರೆ 12 ವೋಲ್ಟ್ ಪವರ್ ಡೇಟಾ ಪಿನ್ನಿಗೆ ನುಗ್ಗಿ ಪ್ಯಾನೆಲ್ಲೇ ಸತ್ತೀತು.